ಅಡಿಗೆಯಲ್ಲಿ ಖಾರದ ಹದ



ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳತಕ್ಕವನೊಬ್ಬನು ಸಾರಿನ ಖಾರದ ವಿಷಯವಾಗಿ ಮಾತನಾಡಲು ಬಂದಿರುವುದನ್ನು ಕೇಳಿ ತಾವು ನಗಬಹುದು. ನಗುವುದಕ್ಕೆ ಕಾರಣವೂ ಉಂಟು. ನಮ್ಮಲ್ಲಿ ಗಂಡಸರು ಅಡಿಗೆಯ ಮಾತೆತ್ತುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ: ಉಪ್ಪು ಕಡಮೆಯಾದಾಗ, ಇಲ್ಲವೆ ಖಾರ ಹೆಚ್ಚಾದಾಗ. ಒಲೆಯ ಮುಂದೆ ನಿಂತು, ಆ ಹೆಚ್ಚುಕಡಮೆ ಹೇಗೆ ಉಂಟಾಗುತ್ತದೆ, ಉಂಟಾದಮೇಲೆ ಏನು ಮಾಡಬಹುದು ಎಂದು ವಿಚಾರಮಾಡಿದವರು ವಿರಳ. ಮೂರು ವರ್ಷಗಳ ಹಿಂದಿನವರೆಗೆ ನಾನೂ ಆ ಗುಂಪಿಗೇ ಸೇರಿದವನಾಗಿದ್ದೆ.

ಆ ವರ್ಷ ನಮ್ಮ ಅತ್ತೆಯವರು ಬಚ್ಚಲುಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅವರ ಶುಶ್ರೂಷೆಗಾಗಿ ನನ್ನ ಹೆಂಡತಿ ತವರಿಗೆ ಹೋಗಿ ಎರಡು ತಿಂಗಳು ಅಲ್ಲಿಯೇ ನಿಲ್ಲಬೇಕಾಯಿತು. ಮನೆಯಲ್ಲಿ ಉಳಿದವರು ನಾನು, ಮತ್ತು 78 ವರ್ಷದ ನಮ್ಮ ತಂದೆಯವರು. ಅಡಿಗೆಯವರನ್ನು ಗೊತ್ತುಮಾಡೋಣವೆಂದರೆ ಅವರು ಒಪ್ಪಲಿಲ್ಲ. ನಾನೇ ಸೌಟು ಹಿಡಿದೆ. ಒಂದು ವಾರ ಕಳೆಯುವುದರೊಳಗೆ ಸಾರು, ಹುಳಿ, ಪಲ್ಯಗಳು ಹದಕ್ಕೆ ಬಂದುವೆಂದು ನನಗೆ ನಾನೇ ಭೇಷ್ ಹೇಳಿಕೊಂಡೆ. ‘ಹೇಗಿದೆ, ಅಣ್ಣ?’ ಎಂದು ಕೇಳಿದರೆ (ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣನೆಂದೇ ಕರೆಯುವ ರೂಢಿ), ‘ಚೆನ್ನಾಗಿದೆಯಪ್ಪ’ ಎನ್ನುವರು. ಎರಡನೆಯ ಸಲ ಅನ್ನ ಬಡಿಸಹೋದರೆ ಕೈ ಅಡ್ಡ ಹಿಡಿದು, ‘ಸಾಕು, ಹಸಿವಿಲ್ಲ’ ಎನ್ನುವರು. ವಯಸ್ಸಾದವರ ಹಸಿವು ಇಷ್ಟೇ ಎಂದುಕೊಂಡು ನಾನು ಸುಮ್ಮನಾದೆ.

ಐದನೆಯ ವಾರ ನಮ್ಮ ಅಕ್ಕ ಬಂದಳು. ಊಟ ಅರ್ಧವಾಗುವುದರೊಳಗೆ ಅವಳು ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ, ‘ಏನೋ, ನೀನು ಅಣ್ಣನ ತಟ್ಟೆಯನ್ನು ಒಂದು ದಿನವಾದರೂ ನೋಡಿದೀಯೇನೋ?’ ಎಂದಳು. ಹೋಗಿ ನೋಡಿದೆ. ತಂದೆಯವರು ಹುಳಿಯ ಹೋಳುಗಳನ್ನು ಒಂದೊಂದಾಗಿ ಮಜ್ಜಿಗೆಯ ಬಟ್ಟಲಿನಲ್ಲಿ ಅದ್ದಿ, ತೊಳೆದು, ತಿನ್ನುತ್ತಿದ್ದರು. ಸಾರನ್ನಕ್ಕೆ ಲೋಟದಿಂದ ನೀರು ಹೊಯ್ದುಕೊಂಡಿದ್ದರು. ಹೊಸದಾಗಿ ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡನ್ನು ಉಜ್ಜಿ ಹುಣ್ಣುಮಾಡಿತ್ತು. ಮಗನು ಕಾಲೇಜಿನ ಕೆಲಸದ ನಡುವೆ ಅಡಿಗೆ ಮಾಡಿಹಾಕುತ್ತಿರುವಾಗ ಅದನ್ನು ಹೇಳುವುದೇಕೆಂದು ಅವರು ಹೇಳಿರಲಿಲ್ಲ. ಮಾರನೆಯ ದಿನ ವೈದ್ಯರಲ್ಲಿಗೆ ಹೋಗಿ ತೂಗಿಸಿದಾಗ ಮೂರು ಕಿಲೋ ಇಳಿದಿದ್ದರು. ಸ್ವಂತ ಮನೆಯಲ್ಲಿ, ಮಗನ ಕೈಯಡಿಗೆಯ ಮುಂದೆ ಕುಳಿತು, ಅವರು ಐದು ವಾರ ಅರೆಹೊಟ್ಟೆ ಇದ್ದರು.

ಅಂದಿನಿಂದ ನನಗೆ ಈ ವಿಷಯದಲ್ಲಿ ಕುತೂಹಲವೆನ್ನುವುದಕ್ಕಿಂತ ಒಂದು ಬಗೆಯ ಹಟ ಹುಟ್ಟಿತು. ಪುಸ್ತಕಗಳನ್ನು ಹುಡುಕಿದೆ, ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರನ್ನು ಪೀಡಿಸಿದೆ, ಒಲೆಯ ಮುಂದೆ ಪರೀಕ್ಷೆಗಳನ್ನೂ ಮಾಡಿದೆ. ಅದರಿಂದ ತಿಳಿದುಬಂದ ಸಂಗತಿಗಳನ್ನು ತಮ್ಮ ಮುಂದಿಡುತ್ತೇನೆ. ಇಂಗ್ಲಿಷರು ನಮ್ಮ ಸಾರು, ಹುಳಿ, ಗೊಜ್ಜು, ಕೂಟು ಎಲ್ಲವನ್ನೂ ‘ಕರ್ರಿ’ ಎಂಬ ಒಂದೇ ಮಾತಿನ ಚೀಲಕ್ಕೆ ತುಂಬಿಬಿಟ್ಟಿದ್ದಾರೆ. ನಮ್ಮಲ್ಲಿ ಮೇಲೋಗರವೆಂಬ ಒಳ್ಳೆಯ ಮಾತಿದೆ. ಎಲ್ಲಕ್ಕೂ ಅನ್ವಯಿಸುವ ಕಡೆ ಅದನ್ನೇ ಬಳಸುತ್ತೇನೆ.

ಮೊದಲು ತಿಳಿಯಬೇಕಾದ ಸಂಗತಿ, ಖಾರವು ಉಪ್ಪು ಹುಳಿ ಸಿಹಿಗಳಂತೆ ಒಂದು ರುಚಿಯಲ್ಲ ಎಂಬುದು. ನಮ್ಮ ಆಯುರ್ವೇದವು ಕಟು ಎಂಬ ಹೆಸರಿನಿಂದ ಅದನ್ನು ಷಡ್ರಸಗಳಲ್ಲಿ ಎಣಿಸಿದೆ. ಉಣ್ಣುವವನ ದೃಷ್ಟಿಯಿಂದ ಅದು ಸರಿಯೇ. ಆದರೆ ಶರೀರಶಾಸ್ತ್ರದ ದೃಷ್ಟಿಯಿಂದ ಖಾರವೆಂಬುದು ನೋವು. ಇನ್ನೂ ಖಚಿತವಾಗಿ ಹೇಳಬೇಕೆಂದರೆ ಸುಟ್ಟ ನೋವು. ಮೆಣಸಿನಕಾಯಿಯಲ್ಲಿರುವ ಖಾರದ್ರವ್ಯಕ್ಕೆ ಕ್ಯಾಪ್ಸೈಸಿನ್ ಎಂದು ಹೆಸರು. 1876ರಲ್ಲಿ ಥ್ರೆಷ್ ಎಂಬ ಇಂಗ್ಲಿಷ್ ವಿಜ್ಞಾನಿಯು ಆ ಹೆಸರನ್ನಿಟ್ಟನು. ನಮ್ಮ ಬಾಯಿಯ ಒಳಚರ್ಮದಲ್ಲಿ ಬಿಸಿಯನ್ನು ಮೆದುಳಿಗೆ ವರದಿಮಾಡುವ ನರಗಳ ತುದಿಗಳಿವೆ. ಅವುಗಳಲ್ಲಿ ಒಂದು ಬಗೆಯ ಸೂಕ್ಷ್ಮ ಬಾಗಿಲುಗಳಿದ್ದು, ಸುಮಾರು 43 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಬಿಸಿ ತಗಲಿದಾಗ ತೆರೆದುಕೊಳ್ಳುತ್ತವೆ. ಕ್ಯಾಪ್ಸೈಸಿನ್ನು ಆ ಬಾಗಿಲಿನ ಕಳ್ಳಬೀಗದ ಕೈ. ಬಿಸಿ ಇಲ್ಲದಿದ್ದರೂ ಅದು ಬಾಗಿಲನ್ನು ತೆರೆದುಬಿಡುತ್ತದೆ. ಮೆದುಳು ಬಾಯಿ ಸುಡುತ್ತಿದೆಯೆಂದು ನಂಬಿ ಕಣ್ಣುಮೂಗುಗಳಲ್ಲಿ ನೀರು ಸುರಿಸುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಎಂಬವರೂ ಅವರ ಸಂಗಡಿಗರೂ ಈ ಬಾಗಿಲನ್ನು 1997ರಲ್ಲಿ ಗುರುತಿಸಿದರು. 2021ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಪಕ್ಷಿಗಳ ಬಾಯಿಯಲ್ಲಿರುವ ಬಾಗಿಲಿಗೆ ಈ ಕಳ್ಳಕೈ ಹೊಂದುವುದಿಲ್ಲ. ಮನೆಯ ಗಿಳಿ ಹಸಿಮೆಣಸಿನಕಾಯಿಯನ್ನು ಬಾಳೆಹಣ್ಣಿನಂತೆ ಮೆಲ್ಲುವುದರ ರಹಸ್ಯ ಇದೇ.

ಇದರಿಂದ ಅಡಿಗೆಯವರಿಗೆ ಉಪಯೋಗವಾಗುವ ಒಂದು ಮಾತು ತಾನಾಗಿಯೇ ಹೊರಡುತ್ತದೆ. ಬಿಸಿಯೂ ಖಾರವೂ ತಟ್ಟುವುದು ಒಂದೇ ಬಾಗಿಲನ್ನಾದುದರಿಂದ, ಒಂದಕ್ಕೊಂದು ಕುಮ್ಮಕ್ಕು ಕೊಡುತ್ತವೆ. ಒಲೆಯಿಂದ ಆಗತಾನೆ ಇಳಿಸಿದ ಸಾರನ್ನು ರುಚಿನೋಡಿದರೆ ಇರುವುದಕ್ಕಿಂತ ಹೆಚ್ಚು ಖಾರವಾಗಿ ತೋರುತ್ತದೆ. ಅದೇ ಸಾರು ಅನ್ನದ ಮೇಲೆ ಬಿದ್ದು ಆರಿದಮೇಲೆ ಮೆತ್ತಗಾಗುತ್ತದೆ. ರುಚಿ ನೋಡುವವರು ಸೌಟಿನ ಸಾರನ್ನು ಒಂದು ಬಟ್ಟಲಿಗೆ ಬಗ್ಗಿಸಿ, ಉಗುರುಬೆಚ್ಚಗಾಗುವವರೆಗೆ ಕಾದು, ಒಂದು ತುತ್ತು ಅನ್ನಕ್ಕೆ ಕಲಸಿ ನೋಡುವುದು ಮೇಲು. ಅಂಗೈಯಲ್ಲಿ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿನೋಡುವ ಪದ್ಧತಿ ಉಪ್ಪಿಗೆ ಸರಿ, ಖಾರಕ್ಕೆ ಸಾಲದು.

ಇನ್ನೊಂದು ತೊಡಕು ಅಡಿಗೆಯವರ ನಾಲಗೆಯದೇ. ಬೆನ್ನುಬೆನ್ನಿಗೆ ನಾಲ್ಕು ಸಲ ರುಚಿನೋಡಿದರೆ ಉರಿಯು ಒಂದರ ಮೇಲೊಂದು ಕೂಡಿ ಬೆಳೆಯುತ್ತದೆ. ಒಂದು ಸಲ ಚೆನ್ನಾಗಿ ಉರಿದು, ನಡುವೆ ಕಾಲು ಗಂಟೆ ಬಿಡುವಾದರೆ, ನರವು ಬಳಲಿ ಮುಂದಿನ ಸಲ ಕಡಮೆ ಖಾರವನ್ನು ಹೇಳುತ್ತದೆ. ವರ್ಷಗಟ್ಟಲೆ ಖಾರ ತಿಂದವರ ನಾಲಗೆಯಂತೂ ಇತರರ ನಾಲಗೆಗೆ ಸಾಕ್ಷಿಯಾಗಲಾರದು. ನಾನು ಹಾಸ್ಟೆಲಿನ ಊಟದಲ್ಲಿ ಏಳು ವರ್ಷ ಬೆಳೆದವನು. ‘ಹದವಾಗಿದೆ’ ಎಂದು ನನ್ನ ನಾಲಗೆ ಹೇಳಿದುದು ಸುಳ್ಳಲ್ಲ. ಅದು ನನ್ನ ಮಟ್ಟಿಗೆ ನಿಜ. ತಂದೆಯವರ ಒಸಡಿನ ವಿಷಯದಲ್ಲಿ ಅದಕ್ಕೆ ಏನೂ ಗೊತ್ತಿರಲಿಲ್ಲ.

ಎರಡನೆಯ ಸಂಗತಿ ಇದಕ್ಕಿಂತಲೂ ಮುಖ್ಯವಾದುದು. ಕ್ಯಾಪ್ಸೈಸಿನ್ನು ನೀರಿನಲ್ಲಿ ಹೇಳಿಕೊಳ್ಳುವಷ್ಟು ಕರಗುವುದಿಲ್ಲ. ಎಣ್ಣೆ, ತುಪ್ಪ, ಬೆಣ್ಣೆಗಳಲ್ಲಿ ಚೆನ್ನಾಗಿ ಕರಗುತ್ತದೆ. ಮತ್ತು ಒಲೆಯ ಮೇಲಿನ ಸಾಮಾನ್ಯ ಕುದಿತಕ್ಕೆ ಅದು ಬಹುಮಟ್ಟಿಗೆ ಜಗ್ಗುವುದಿಲ್ಲ. ‘ಇನ್ನೂ ಸ್ವಲ್ಪ ಕುದಿಸಿದರೆ ಖಾರ ಹೋಗುತ್ತದೆ’ ಎಂಬ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಕುದಿದರೆ ಹೋಗುವುದು ನೀರು, ಉಳಿಯುವುದು ಖಾರ. ಬೆಳಗ್ಗೆ ಹಿತವಾಗಿದ್ದ ಹುಳಿ ರಾತ್ರಿ ಮತ್ತೆ ಕಾಯಿಸಿದಾಗ ಕಟುವಾಗುವುದಕ್ಕೆ ಇದೂ ಒಂದು ಕಾರಣ. ಹುರಿಯುವಾಗ ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದರೆಂದು ಮೆಣಸಿನಕಾಯಿಯ ಖಾರ ಹಾರಿಹೋಯಿತೆಂದು ತಿಳಿಯಬಾರದು. ಕೆಮ್ಮಿಸುವುದಕ್ಕೆ ಅತ್ಯಲ್ಪ ಸಾಕು.

ಈ ಎರಡು ಗುಣಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ನೀರಿಗೆ ಕರಗದು, ಬೆಂಕಿಗೆ ಕೆಡದು. ಆದುದರಿಂದ ಪಾತ್ರೆಗೆ ಒಮ್ಮೆ ಬಿದ್ದ ಖಾರವನ್ನು ಹಿಂದಕ್ಕೆ ತೆಗೆಯುವ ಉಪಾಯವೇ ಇಲ್ಲ. ಅದನ್ನು ಹರಡಬಹುದು, ಕಟ್ಟಿಹಾಕಬಹುದು, ನಾಲಗೆಗೆ ಮರೆಮಾಡಬಹುದು, ತೆಗೆಯಲಾಗದು. ಖಾರ ಹೆಚ್ಚಾದಾಗ ನಮ್ಮವರು ಹೇಳುವ ಮದ್ದುಗಳೆಲ್ಲ ಈ ಮೂರು ಬಗೆಗಳೊಳಗೆ ಅಡಗುತ್ತವೆ. ಅವುಗಳಲ್ಲಿ ಕೆಲಸಮಾಡುವುದು ಯಾವುದು, ಮಾಡದಿರುವುದು ಯಾವುದು ಎಂಬುದನ್ನು ಆಮೇಲೆ ಹೇಳುತ್ತೇನೆ. ಜಾಣತನವೆಲ್ಲ ಇರುವುದು ಖಾರವು ಪಾತ್ರೆಗೆ ಬೀಳುವ ಮುಂಚೆ.

ಅಲ್ಲಿಗೆ ಬರುವ ಮೊದಲು ಈ ಕಾಯಿಯ ಪೂರ್ವೋತ್ತರವನ್ನು ಒಂದೆರಡು ಮಾತುಗಳಲ್ಲಿ ಹೇಳುವುದು ಅನುಚಿತವಾಗಲಾರದು. ಮೆಣಸಿನಕಾಯಿಯು ನಮ್ಮ ನಾಡಿನದಲ್ಲ. ಅದರ ತವರು ಅಮೆರಿಕ ಖಂಡ. 1498ರಲ್ಲಿ ವಾಸ್ಕೋ ಡ ಗಾಮನು ಬಂದಮೇಲೆ, ಪೋರ್ಚುಗೀಸರ ಹಡಗುಗಳೊಡನೆ, 16ನೆಯ ಶತಮಾನದಲ್ಲಿ ಅದು ನಮ್ಮ ಪಶ್ಚಿಮ ತೀರಕ್ಕೆ ಇಳಿಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜಭೋಜನದ ಸವಿವರವಾದ ವರ್ಣನೆಯಿದೆ. ಅಲ್ಲಿ ಖಾರಕ್ಕೆ ಮೆಣಸು ಶುಂಠಿಗಳೇ ಹೊರತು ಮೆಣಸಿನಕಾಯಿಯಿಲ್ಲ. ಹೊಸಬನು ಬಂದು ಹಳಬನ ಕೆಲಸವನ್ನು ಮಾತ್ರವಲ್ಲ, ಹೆಸರನ್ನೂ ತೆಗೆದುಕೊಂಡನು: ಮೆಣಸಿನಂತೆ ಉರಿಯುವ ಕಾಯಿ ಮೆಣಸಿನಕಾಯಿ ಆಯಿತು. ಮೆಣಸನ್ನು ಅರಸಿ ಹೊರಟು ಅಮೆರಿಕವನ್ನು ಮುಟ್ಟಿದ ಕೊಲಂಬಸನ ಕಡೆಯವರೂ ಈ ಕಾಯಿಗೆ ಮೆಣಸಿನ ಹೆಸರನ್ನೇ ಇಟ್ಟರು. ಇಂಗ್ಲಿಷಿನಲ್ಲಿ ಇಂದಿಗೂ ಎರಡಕ್ಕೂ ಒಂದೇ ಮಾತು. ಕರಿಮೆಣಸಿನಲ್ಲಿರುವ ಪೈಪರೀನ್ ಎಂಬ ದ್ರವ್ಯವೂ ಅದೇ ಬಾಗಿಲನ್ನೇ ತಟ್ಟುವುದೆಂದು ಈಗ ತಿಳಿದಿರುವುದರಿಂದ, ಆ ಹೆಸರಿಟ್ಟವರು ತಿಳಿಯದೆಯೇ ಸತ್ಯವನ್ನು ಹೇಳಿದಂತಾಯಿತು. ಮೆಣಸಿನಕಾಯಿ ಬಿಟ್ಟು ಕರಿಮೆಣಸು ಹಾಕಿದರೆ ಬಾಯಿಹುಣ್ಣಿನವರಿಗೆ ತೊಂದರೆಯಿಲ್ಲವೆನ್ನುವವರು ಇದನ್ನು ಜ್ಞಾಪಕದಲ್ಲಿಡಬೇಕು.

ಇನ್ನು ಅಳತೆಯ ಮಾತು. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞನು ಮೆಣಸಿನಕಾಯಿಯ ಸಾರವನ್ನು ಸಕ್ಕರೆಯ ನೀರಿನಲ್ಲಿ ಬೆರಸಿ, ಕೆಲವರಿಗೆ ಕುಡಿಸಿ, ಖಾರವು ಸ್ವಲ್ಪವೂ ತೋರದಂತಾಗಲು ಎಷ್ಟು ಪಟ್ಟು ನೀರು ಬೇಕಾಯಿತೆಂಬುದನ್ನೇ ಖಾರದ ಅಂಕೆಯೆಂದು ಗೊತ್ತುಮಾಡಿದನು. ಪರೀಕ್ಷಕರ ನಾಲಗೆಗಳು ಬಳಲಿಬಿಡುವುದರಿಂದ ಇದು ನಂಬತಕ್ಕ ಅಳತೆಯಲ್ಲವೆಂದು ಈಗ ಯಂತ್ರದಿಂದಲೇ ಕ್ಯಾಪ್ಸೈಸಿನ್ನನ್ನು ಅಳೆಯುತ್ತಾರೆ. ಆದರೂ ಅಂಕೆಗೆ ಸ್ಕೋವಿಲನ ಹೆಸರೇ ನಿಂತಿದೆ. ಆ ಲೆಕ್ಕದಲ್ಲಿ ಗುಂಟೂರಿನ ಸಣ್ಣಕಾಯಿ ಸಾಮಾನ್ಯವಾಗಿ 35,000ದಿಂದ 40,000 ಎಂದು ಹೇಳುವುದುಂಟು. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯ ಕಾಯಿ ಅದಕ್ಕಿಂತ ಬಹಳ ಕಡಮೆ ಖಾರದ್ದು. ಆದರೆ ಬಣ್ಣದಲ್ಲಿ ಬ್ಯಾಡಗಿಯನ್ನು ಮೀರಿಸುವ ಕಾಯಿ ಸುಲಭವಾಗಿ ಸಿಕ್ಕದು. ಸುಕ್ಕುಗಟ್ಟಿದ ಸಿಪ್ಪೆ, ಕಡುಕೆಂಪು, ಒಳ್ಳೆಯ ಕಂಪು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮೆಣಸಿನಕಾಯಿಯಲ್ಲಿ ಬಣ್ಣ ಕೊಡುವ ದ್ರವ್ಯಗಳೇ ಬೇರೆ, ಖಾರ ಕೊಡುವ ದ್ರವ್ಯವೇ ಬೇರೆ. ಸಾರು ಕೆಂಪಗಿದೆಯೆಂದು ಹೆದರುವುದಕ್ಕೂ ಕಾರಣವಿಲ್ಲ, ತೆಳ್ಳಗೆ ಬೆಳ್ಳಗಿದೆಯೆಂದು ನಂಬುವುದಕ್ಕೂ ಕಾರಣವಿಲ್ಲ. ಉಡುಪಿಯ ಕಡೆಯ ಹುಳಿ ಬೆಂಕಿಯಂತೆ ಕಾಣುತ್ತದೆ. ಉಂಡರೆ ಎಷ್ಟು ಸೌಮ್ಯ! ಬ್ಯಾಡಗಿ ಕಾಯಿಯ ಬಣ್ಣ, ತೆಂಗಿನಕಾಯಿಯ ಕೊಬ್ಬು ಎರಡೂ ಸೇರಿ ಮಾಡಿದ ಕೆಲಸವದು.

ಇದರಿಂದ ನಮ್ಮ ಮನೆಯಲ್ಲಿ ಮಾಡಿಕೊಂಡ ಮೊದಲನೆಯ ಬದಲಾವಣೆಯನ್ನು ಹೇಳುತ್ತೇನೆ. ಎಲ್ಲರ ಮನೆಯಲ್ಲಿಯೂ ಸಾರಿನ ಪುಡಿಯನ್ನು ವರ್ಷಕ್ಕೋ ಆರು ತಿಂಗಳಿಗೋ ಒಮ್ಮೆ ಮಾಡಿಡುವುದು ವಾಡಿಕೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು, ಸಾಸಿವೆ, ಇವುಗಳೊಡನೆ ಒಣಮೆಣಸಿನಕಾಯಿಯನ್ನೂ ಹುರಿದು ಒಟ್ಟಿಗೆ ಕುಟ್ಟುತ್ತೇವೆ. ಒಟ್ಟಿಗೆ ಕುಟ್ಟಿದಮೇಲೆ ಸಾರಿನ ಘಮವನ್ನು ಹೆಚ್ಚಿಸಬೇಕೆಂದರೆ ಖಾರವೂ ಹೆಚ್ಚುತ್ತದೆ. ಖಾರವನ್ನು ತಗ್ಗಿಸಬೇಕೆಂದರೆ ಘಮವೂ ತಗ್ಗಿ ಸಾರು ಸಪ್ಪೆಯಾಗುತ್ತದೆ. ಸಪ್ಪೆ ಸಾರೆಂದು ನಾವು ದೂರುವುದು ಅನೇಕವೇಳೆ ಖಾರದ ಕೊರತೆಯನ್ನಲ್ಲ, ಕೊತ್ತಂಬರಿ ಜೀರಿಗೆಗಳ ಕೊರತೆಯನ್ನು. ಈಗ ನಮ್ಮಲ್ಲಿ ಎರಡು ಡಬ್ಬಿಗಳಿವೆ: ಒಂದರಲ್ಲಿ ಮೆಣಸಿನಕಾಯಿಯಿಲ್ಲದ ಸಾರಿನ ಪುಡಿ, ಇನ್ನೊಂದರಲ್ಲಿ ಬರಿಯ ಬ್ಯಾಡಗಿ ಪುಡಿ. ಮೊದಲನೆಯದನ್ನು ಧಾರಾಳವಾಗಿ, ಎರಡನೆಯದನ್ನು ಎಣಿಸಿ ಹಾಕುತ್ತೇವೆ. ಇಷ್ಟು ಸುಲಭವಾದ ಉಪಾಯ ನನಗೆ ನಲವತ್ತು ದಾಟುವವರೆಗೆ ಹೊಳೆಯಲಿಲ್ಲ. ನನ್ನ ಹೆಂಡತಿಯನ್ನು ಕೇಳಿದರೆ, ಅವಳ ಅಜ್ಜಿ ಬಾಣಂತಿಯರಿಗಾಗಿ ಹೀಗೆಯೇ ಮಾಡುತ್ತಿದ್ದರಂತೆ.

ಹಸಿಮೆಣಸಿನಕಾಯಿಯದು ಬೇರೆಯ ಕಥೆ. ಅದನ್ನು ಎಣಿಸಿ ಹಾಕಿದರೆ ಪ್ರಯೋಜನವಿಲ್ಲ. ಒಂದೇ ಗಿಡದ ಎರಡು ಕಾಯಿಗಳು ಒಂದೇ ಸಮನಾಗಿರುವುದಿಲ್ಲ, ನೀರು ಸಾಲದೆ ಬಳಲಿದ ಗಿಡದ ಕಾಯಿ ಹೆಚ್ಚು ಉರಿಯುವುದುಂಟು. ಖಾರವೆಲ್ಲ ಬೀಜದಲ್ಲಿದೆಯೆಂಬ ನಂಬಿಕೆ ಬಹು ಪ್ರಚಾರದಲ್ಲಿದೆ. ಬೀಜಕ್ಕೆ ಸ್ವಂತ ಖಾರವಿಲ್ಲ. ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳೇ ಖಾರದ ಕಾರ್ಖಾನೆ. ನೆರೆಯಲ್ಲಿರುವುದರಿಂದ ಬೀಜಕ್ಕೂ ಬಳಿದುಕೊಂಡಿರುತ್ತದೆ, ಅಷ್ಟೇ. ಆ ತಿರುಳು ತೊಟ್ಟಿನ ಕಡೆ ಹೆಚ್ಚು, ತುದಿಯ ಕಡೆ ಕಡಮೆ. ಕಾಯಿಯ ತುದಿಯನ್ನು ಕಚ್ಚಿನೋಡಿ ‘ಖಾರವಿಲ್ಲ’ ಎಂದು ತೀರ್ಪು ಕೊಡುವವರು ಮೋಸಹೋಗುವುದು ಇದರಿಂದಲೇ. ತೊಟ್ಟಿನ ಕಡೆಯ ಒಂದು ಚೂರನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಬೇಕು. ಖಾರ ಕಡಮೆ ಬೇಕಾದಾಗ ಕಾಯಿಯನ್ನು ಉದ್ದಕ್ಕೆ ಸೀಳಿ ಬೀಜವನ್ನೂ ತಿರುಳನ್ನೂ ಹೆರೆದುಹಾಕಿದರೆ ಹಸಿಯ ಕಂಪು ಉಳಿದು ಉರಿ ಬಹುಪಾಲು ಹೋಗುತ್ತದೆ. ಆಮೇಲೆ ಕೈಯನ್ನು ಬರಿಯ ನೀರಿನಿಂದ ತೊಳೆದು ಕಣ್ಣುಜ್ಜಿಕೊಂಡವರ ಗತಿಯನ್ನು ನಾನು ವಿವರಿಸಬೇಕಾಗಿಲ್ಲ. ಮೊದಲು ಒಂದು ತೊಟ್ಟು ಎಣ್ಣೆ ಸವರಿ ಉಜ್ಜಿ, ಅನಂತರ ಸೋಪಿನಿಂದ ತೊಳೆಯಬೇಕು.

ಒಂದೇ ಕಾಯಿಯನ್ನು ಹೇಗೆ ಹಾಕಿದೆವೆಂಬುದರಿಂದಲೂ ಖಾರ ಬದಲಾಗುತ್ತದೆ. ಒಗ್ಗರಣೆಯಲ್ಲಿ ಇಡಿಯಾಗಿ ಹಾಕಿದ ಕಾಯಿ ತನ್ನ ಖಾರವನ್ನು ಬಹುಮಟ್ಟಿಗೆ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಮುರಿದುಹಾಕಿದರೆ ಬಾಯಿಬಿಡುತ್ತದೆ, ಪುಡಿಮಾಡಿ ಹಾಕಿದರೆ ಏನನ್ನೂ ಮುಚ್ಚಿಡುವುದಿಲ್ಲ. ಎಣ್ಣೆಯಲ್ಲಿ ಹೊರಬಂದ ಖಾರವು ಎಣ್ಣೆಯೊಡನೆಯೇ ಸಾರಿನ ಮೇಲೆ ತೇಲುತ್ತದೆ. ಪುಡಿಯ ಖಾರವು ಗಷ್ಟಿನೊಡನೆ ತಳಕ್ಕೆ ಇಳಿಯುತ್ತದೆ. ಮಕ್ಕಳಿಗೂ ಕಾಯಿಲೆಯವರಿಗೂ ಸಾರನ್ನು ಕಲಕದೆ ಮೇಲಿನ ತಿಳಿಯನ್ನು ಬಡಿಸುವ ಪದ್ಧತಿ ನಮ್ಮಲ್ಲಿದೆ. ನನ್ನ ಅನುಭವದಲ್ಲಿ, ಒಗ್ಗರಣೆ ಹಾಕಿದಮೇಲೆ ತೆಗೆದ ತಿಳಿ ಅಷ್ಟು ಸೌಮ್ಯವಾದುದಲ್ಲ. ಅವರ ಪಾಲನ್ನು ಒಗ್ಗರಣೆಗೆ ಮುಂಚೆಯೇ ತೆಗೆದಿಟ್ಟು, ಬೇರೆಯಾಗಿ ತುಪ್ಪದಲ್ಲಿ ಸಾಸಿವೆ ಇಂಗು ಕರಿಬೇವಿನ ಒಗ್ಗರಣೆ ಕೊಡುವುದು ಲೇಸು.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಕೈ ತಪ್ಪುವುದುಂಟು. ಖಾರ ಬಿದ್ದುಬಿಟ್ಟಿತು, ಊಟಕ್ಕೆ ಇನ್ನು ಅರ್ಧ ಗಂಟೆ ಮಾತ್ರ ಉಂಟು. ಏನು ಮಾಡಬೇಕು?

ಮೊದಲನೆಯದು ಹರಡುವ ಮಾರ್ಗ. ಒಂದು ಲೀಟರು ಸಾರಿನಲ್ಲಿ ಆರು ಮೆಣಸಿನಕಾಯಿಗಳ ಖಾರವಿದೆಯೆನ್ನೋಣ. ಅದಕ್ಕೆ ಅರ್ಧ ಲೀಟರು ಬೇಳೆಯ ಕಟ್ಟನ್ನು ಸೇರಿಸಿದರೆ ಲೀಟರಿಗೆ ನಾಲ್ಕು ಕಾಯಿಗಳ ಖಾರವಾಗುತ್ತದೆ. ಅರ್ಧಕ್ಕೆ ಇಳಿಸಬೇಕೆಂದರೆ ಇನ್ನೊಂದು ಪೂರ್ತಿ ಲೀಟರು ಬೇಕು. ಬರಿಯ ನೀರಿಗಿಂತ ಬೇಳೆಯ ಕಟ್ಟು ಅಥವಾ ಬೆಂದ ಬೇಳೆ ಉತ್ತಮ. ಸಾರಿನ ಮೈ ಕೆಡುವುದಿಲ್ಲ. ಉಪ್ಪು, ಹುಳಿ, ಮತ್ತು ಆ ಖಾರವಿಲ್ಲದ ಪುಡಿಯನ್ನು ಹೆಚ್ಚಿದ ಪ್ರಮಾಣಕ್ಕೆ ತಕ್ಕಂತೆ ಸೇರಿಸಿ ಒಂದು ಕುದಿ ಕುದಿಸಿದರೆ ಆಯಿತು. ಈ ಲೆಕ್ಕ ನಿಷ್ಠುರವಾದುದು, ಆದರೆ ಮೋಸವಿಲ್ಲದ್ದು. ಇದರ ತೊಂದರೆ ಇಷ್ಟೇ: ನಾಲ್ವರ ಸಾರು ಎಂಟು ಮಂದಿಯ ಸಾರಾಗಿ ನಿಲ್ಲುತ್ತದೆ.

ಆಲೂಗೆಡ್ಡೆಯನ್ನು ಹಾಕಿದರೆ ಅದು ಖಾರವನ್ನು ಹೀರಿಕೊಳ್ಳುತ್ತದೆಂದು ಎಲ್ಲರೂ ಹೇಳುತ್ತಾರೆ. ನಾನು ಇದನ್ನು ಎರಡು ಸಲ ಪರೀಕ್ಷಿಸಿದೆ. ಆಲೂಗೆಡ್ಡೆ ಹೀರುವುದು ಸಾರನ್ನು. ಸಾರಿನಿಂದ ಖಾರವನ್ನು ಮಾತ್ರ ಆರಿಸಿ ಹೀರುವ ವಿವೇಕ ಅದಕ್ಕಿಲ್ಲ. ಹೋಳುಗಳನ್ನು ತೆಗೆದುಹಾಕಿದರೆ ಉಳಿದ ಸಾರು ಮೊದಲಿನಷ್ಟೇ ಖಾರ. ಅವುಗಳನ್ನು ಅಲ್ಲಿಯೇ ಬಿಟ್ಟು ಉಂಡರೆ, ಸಪ್ಪೆಯ ವಸ್ತು ಹೆಚ್ಚಿದಷ್ಟು ಮಟ್ಟಿಗೆ ಪ್ರತಿಯೊಂದು ತುತ್ತೂ ಮೆತ್ತಗಾಗುತ್ತದೆ. ಇದೂ ಹರಡುವ ಮಾರ್ಗವೇ, ವೇಷ ಬೇರೆ.

ಎರಡನೆಯದು ಕಟ್ಟಿಹಾಕುವ ಮಾರ್ಗ. ಖಾರವು ಕೊಬ್ಬಿನ ಸ್ನೇಹಿತನಾದುದರಿಂದ ಕೊಬ್ಬನ್ನು ಕೊಟ್ಟರೆ ಅದರೊಡನೆ ಸೇರಿ, ನಾಲಗೆಯ ಮೇಲೆ ಬೀಳುವ ಆತುರವನ್ನು ತೋರಿಸುವುದಿಲ್ಲ. ಹಸಿಯ ತೆಂಗಿನಕಾಯಿಯ ತೂಕದಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಕೊಬ್ಬು. ಒಂದು ಹಿಡಿ ತುರಿಯನ್ನು ನುಣ್ಣಗೆ ರುಬ್ಬಿ ಹುಳಿಗೆ ಬಿಟ್ಟರೆ ಹರಡುವ ಕೆಲಸವೂ ಕಟ್ಟಿಹಾಕುವ ಕೆಲಸವೂ ಒಟ್ಟಿಗೆ ನಡೆಯುತ್ತವೆ. ಹುಳಿಗೂ ಕೂಟಿಗೂ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಾಣೆ. ತಿಳಿಸಾರಿಗೆ ಇದು ಒಗ್ಗದು; ಅದಕ್ಕೆ ಅನ್ನದ ಮೇಲಿನ ತುಪ್ಪವೇ ಗತಿ.

ಹಾಲು, ಮೊಸರು, ಮಜ್ಜಿಗೆಗಳಲ್ಲಿ ಕೊಬ್ಬಲ್ಲದೆ ಇನ್ನೊಂದು ಶಕ್ತಿಯೂ ಇದೆ. ಅವುಗಳಲ್ಲಿರುವ ಕೇಸೀನ್ ಎಂಬ ಸಸಾರಜನಕ ದ್ರವ್ಯವು ಕ್ಯಾಪ್ಸೈಸಿನ್ನನ್ನು ಹಿಡಿದುಕೊಂಡು ನರದಿಂದ ದೂರ ಒಯ್ಯುತ್ತದೆಂದು ವಿಜ್ಞಾನಿಗಳು ಎಣಿಸುತ್ತಾರೆ. ಕೆನೆ ತೆಗೆದ ಹಾಲೂ ಕೆನೆಹಾಲಿನಷ್ಟೇ ಉರಿಯನ್ನು ಆರಿಸುವುದೆಂದು 2019ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದುವು. ನೀರು ಕುಡಿದರೆ ಬಾಯಿ ತಣ್ಣಗಿರುವಷ್ಟು ಹೊತ್ತು ಮಾತ್ರ ಹಿತ. ನುಂಗಿದೊಡನೆ ಉರಿ ಹಿಂದಿರುಗುತ್ತದೆ. ನಮ್ಮ ತಂದೆಯವರು ಸಾರನ್ನಕ್ಕೆ ನೀರು ಹೊಯ್ದುಕೊಂಡು ಹರಡುವ ಮಾರ್ಗವನ್ನೂ, ಹೋಳುಗಳನ್ನು ಮಜ್ಜಿಗೆಯಲ್ಲಿ ತೊಳೆದು ಕಟ್ಟಿಹಾಕುವ ಮಾರ್ಗವನ್ನೂ ತಾವೇ ಕಂಡುಕೊಂಡಿದ್ದರು. ರಸಾಯನಶಾಸ್ತ್ರದ ಮಿತ್ರರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ನನಗೆ ನಗು ಬರಲಿಲ್ಲ. ಕುದಿಯುವ ಮೇಲೋಗರಕ್ಕೆ ಮೊಸರು ಹಾಕಿದರೆ ಒಡೆದುಹೋಗುತ್ತದೆಂಬುದನ್ನು ಮರೆಯಬಾರದು. ಪಾತ್ರೆಯನ್ನು ಇಳಿಸಿ, ಕುದಿ ಅಡಗಿದಮೇಲೆ, ಚೆನ್ನಾಗಿ ಕಡೆದ ಮೊಸರನ್ನು ಸ್ವಲ್ಪಸ್ವಲ್ಪವಾಗಿ ಬೆರಸಬೇಕು.

ಮೂರನೆಯದು ಮರೆಮಾಡುವ ಮಾರ್ಗ. ಇದರಲ್ಲಿ ಬೆಲ್ಲಕ್ಕೆ ಅಗ್ರಸ್ಥಾನ. ಸಿಹಿಯು ಉರಿಯನ್ನು ನಿಜವಾಗಿಯೂ ಸ್ವಲ್ಪ ತಗ್ಗಿಸಿ ತೋರಿಸುತ್ತದೆ. ಮೈಸೂರಿನ ಕಡೆ ಸಾರಿಗೆ ಒಂದು ಚೂರು ಬೆಲ್ಲ ಹಾಕುವುದನ್ನು ಹಾಸ್ಯಮಾಡುವವರು ಇದನ್ನು ಗಮನಿಸಬಹುದು. ಹುಣಿಸೆಹಣ್ಣನ್ನೂ ನಿಂಬೆಹಣ್ಣನ್ನೂ ಹೆಚ್ಚಿಸಿರಿ ಎಂದು ಹೇಳುವವರುಂಟು. ಇದಕ್ಕೆ ನಾನು ಒಪ್ಪುವುದಿಲ್ಲ. ಆರೋಗ್ಯವಾದ ಬಾಯಿಗೆ ಹುಳಿಯು ಮನಸ್ಸನ್ನು ಬೇರೆಯ ಕಡೆಗೆ ಸೆಳೆಯಬಹುದು. ಆದರೆ ಹುಳಿಯೂ ಆ ಸುಡುಬಾಗಿಲನ್ನೇ ತಟ್ಟುವ ಗುಂಪಿಗೆ ಸೇರಿದುದು. ಒಸಡು ಹುಣ್ಣಾದವರ ಪಾಲಿಗೆ ಅದು ಒಂದು ನೋವಿನ ಮೇಲೆ ಇನ್ನೊಂದು.

ಇಲ್ಲಿಯೇ ವೈದ್ಯರು ಹೇಳಿದ ಒಂದು ಮಾತನ್ನೂ ಸೇರಿಸಿಬಿಡುತ್ತೇನೆ. ಮೆಣಸಿನಕಾಯಿ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆಂದು ನಾವೆಲ್ಲ ನಂಬಿದ್ದೆವು. ಜಠರದ ಹುಣ್ಣಿಗೆ ಬಹುಮಟ್ಟಿಗೆ ಒಂದು ಬಗೆಯ ಸೂಕ್ಷ್ಮಜೀವಿಯೂ ಕೆಲವು ನೋವಿನ ಮಾತ್ರೆಗಳೂ ಕಾರಣವೆಂದು ಈಗ ಗೊತ್ತಾಗಿದೆ. ಆ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರೆನ್ ಎಂಬ ವೈದ್ಯರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂದಿತು. ಆದಕಾರಣ ಖಾರವು ಹುಣ್ಣಿನ ತಾಯಿಯಲ್ಲ. ಇರುವ ಹುಣ್ಣನ್ನೂ ಎದೆಯುರಿಯನ್ನೂ ಕೆರಳಿಸುವುದು ಮಾತ್ರ ಅದರಿಂದ ಆಗುತ್ತದೆ.

ಖಾರ ಸಾಲದೆ ಹೋದಾಗ ಏನು ಮಾಡಬೇಕೆಂಬುದಕ್ಕೆ ಹೆಚ್ಚು ಮಾತು ಬೇಡ. ಹಸಿಯ ಪುಡಿಯನ್ನು ಮೇಲೆ ಉದುರಿಸಿದರೆ ಹಸಿವಾಸನೆ ಬರುತ್ತದೆ. ಒಂದು ಚಮಚ ತುಪ್ಪವನ್ನು ಕಾಯಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಪುಡಿಯನ್ನು ಕದಡಿ, ಸೀಯುವುದಕ್ಕೆ ಮುಂಚೆ ಸಾರಿಗೆ ಬಿಡಬೇಕು.

ಒಂದೇ ಮನೆಯಲ್ಲಿ ಖಾರ ಬೇಕೆನ್ನುವವರೂ ಬೇಡವೆನ್ನುವವರೂ ಇರುವಾಗ ಪಾತ್ರೆಯನ್ನು ಯಾರ ನಾಲಗೆಗೆ ತಕ್ಕಂತೆ ಇಡಬೇಕು? ನಾನು ಬಹುಕಾಲ ಇದಕ್ಕೆ ಸರಾಸರಿ ಲೆಕ್ಕವೇ ಉತ್ತರವೆಂದುಕೊಂಡಿದ್ದೆ. ಅದು ತಪ್ಪು. ಖಾರ ಬೇಕಾದವನು ತನ್ನ ತಟ್ಟೆಗೆ ಬೇಕಾದಷ್ಟು ಹಾಕಿಕೊಳ್ಳಬಲ್ಲನು. ಬೇಡವಾದವನು ತನ್ನ ತಟ್ಟೆಯಿಂದ ಒಂದು ಕಣವನ್ನೂ ತೆಗೆಯಲಾರನು. ಇಬ್ಬರ ಸ್ಥಿತಿ ಒಂದೇ ಅಲ್ಲದಿರುವಾಗ ಸರಾಸರಿ ಮಾಡುವುದು ನ್ಯಾಯವಲ್ಲ. ಪಾತ್ರೆಯು ಮನೆಯ ಅತ್ಯಂತ ಮೃದುವಾದ ಬಾಯಿಗೆ ಸೇರಿದುದಾಗಿರಬೇಕು, ಖಾರವು ಪಾತ್ರೆಯ ಹೊರಗೆ, ಎಲೆಯ ಪಕ್ಕದಲ್ಲಿರಬೇಕು. ಉತ್ತರ ಕರ್ನಾಟಕದವರು ಇದನ್ನು ಎಷ್ಟು ಸೊಗಸಾಗಿ ಮಾಡಿದ್ದಾರೆ ನೋಡಿರಿ! ಕೆಂಪು ಮೆಣಸಿನಕಾಯಿಯ ರಂಜಕ, ಶೇಂಗಾ ಚಟ್ನಿ, ಅಗಸಿ ಚಟ್ನಿ ಎಲ್ಲ ರೊಟ್ಟಿಯ ಪಕ್ಕದಲ್ಲಿ ಬೇರೆಬೇರೆಯಾಗಿ ಕುಳಿತಿರುತ್ತವೆ, ಜೊತೆಗೆ ಬೆಣ್ಣೆ ಅಥವಾ ಮೊಸರು. ನಮ್ಮ ಕಡೆ ಉಪ್ಪಿನಕಾಯಿ, ಚಟ್ನಿಪುಡಿ, ಬಾಳಕದ ಮೆಣಸಿನಕಾಯಿ ಇದೇ ಕೆಲಸಕ್ಕೆ ಹುಟ್ಟಿದವು. ಅವು ಎಲೆಯ ಮೂಲೆಯ ಅಲಂಕಾರಗಳಲ್ಲ.

ಹಲ್ಲಿನ ಸೆಟ್ಟನ್ನು ಉಜ್ಜಿಸಿ ಸರಿಮಾಡಿಸಿದೆವು. ಒಸಡು ಮಾಯಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ, ಆಮೇಲೆಯೂ ಸಾರಿನ ಪಾತ್ರೆ ತಂದೆಯವರ ಬಾಯಿಗೆ ತಕ್ಕಂತೆಯೇ ನಡೆದುಬಂದಿತು. ನನ್ನ ಪಾಲಿಗೆ ಒಂದು ಸಣ್ಣ ಭರಣಿಯಲ್ಲಿ ಖಾರದ ಎಣ್ಣೆ ಪಕ್ಕದಲ್ಲಿರುತ್ತಿತ್ತು. ಇಳಿದ ಮೂರು ಕಿಲೋಗಳಲ್ಲಿ ಎರಡು ಹಿಂದಿರುಗಿದುವು. ಆರು ತಿಂಗಳಾದಮೇಲೆ ಒಂದು ಮಧ್ಯಾಹ್ನ ಊಟದ ನಡುವೆ ಅವರು ತಲೆಯೆತ್ತಿ, ‘ಈಚೆಗೆ ನಿನ್ನ ಸಾರು ಬಹಳ ಸಪ್ಪೆಯಪ್ಪ. ಬಾಳಕವೇನಾದರೂ ಇದ್ದರೆ ಎರಡು ಕರಿದು ತಾ’ ಎಂದರು. ನಾನು ಎದ್ದುಹೋಗಿ ಬಾಣಲೆಯಿಟ್ಟೆ.